ಅಂಗಿ ಹಸಿರು, ಪರದೆಯ ಮೇಲೆ ಹೊನ್ನು: ‘ಸ್ಟಾರ್ ಟ್ರೆಕ್’ ಕ್ಯಾಪ್ಟನ್ ಉಡುಪಿನ ನಿಜವಾದ ಬಣ್ಣ ಯಾವುದು?

ಓದುಗರ ಪ್ರಶ್ನೆ: “1966ರಿಂದ 69ರವರೆಗೆ ಬಂದ ಹಳೆಯ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಅಂಗಿಯನ್ನು ಹೊಲಿಸಬೇಕೆಂದಿದ್ದೇನೆ. ಬ್ಲೂ-ರೇಯಲ್ಲಿ ನೋಡಿದರೆ ಅದು ಸ್ಪಷ್ಟವಾಗಿ ಸಾಸಿವೆ ಹಳದಿ. ಆದರೆ ಹರಾಜಿಗೆ ಬಂದ ಮೂಲ ಅಂಗಿಗಳ ಫೋಟೊಗಳಲ್ಲಿ ಅದೇ ಅಂಗಿ ಹಸಿರಾಗಿದೆ. ಇನ್ನೂ ವಿಚಿತ್ರವೆಂದರೆ, ಕೆಲವು ಕಂತುಗಳಲ್ಲಿ ಅದೇ ಕ್ಯಾಪ್ಟನ್ ಬೇರೊಂದು ಅಡ್ಡಸುತ್ತಿನ ಅಂಗಿ ತೊಡುತ್ತಾನೆ, ಅದು ಪರದೆಯ ಮೇಲೂ ಹಸಿರೇ. ಐವತ್ತು ವರ್ಷದಲ್ಲಿ ಬಣ್ಣ ಮಾಸಿ ಹಸಿರಾಗಿದೆ ಎಂದು ಒಬ್ಬರು, ಆಗಿನ ಟಿವಿಗಳೇ ಸರಿ ಇರಲಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡು ಬಗೆಯ ಬಟ್ಟೆ ತುಂಡು ತಂದು ಮೊಬೈಲ್‌ನಲ್ಲಿ ಫೋಟೊ ತೆಗೆದೆ. ಹಸಿರು ಹಸಿರಾಗಿಯೇ ಬಂತು, ಹಳದಿ ಕಿತ್ತಳೆಯಂತೆ ಕಂಡಿತು. ಯಾವ ಬಟ್ಟೆ ಕೊಳ್ಳಲಿ?”

ಮೊದಲು ನೇರ ಉತ್ತರ. ಬಟ್ಟೆ ಹಸಿರೇ. ಆ ಧಾರಾವಾಹಿಯ ವಸ್ತ್ರವಿನ್ಯಾಸಕ ವಿಲಿಯಂ ವೇರ್ ಥೈಸ್ ಅವರೇ ಕ್ಯಾಪ್ಟನ್ ಸೇರಿದ ಕಮಾಂಡ್ ವಿಭಾಗದ ಅಂಗಿಗಳು ಹಸಿರಾಗಿದ್ದವು, ಫಿಲ್ಮಿನ ಮೇಲೆ ಹೊನ್ನಿನ ಬಣ್ಣಕ್ಕೆ ತಿರುಗುತ್ತಿದ್ದವು ಎಂದು ಹೇಳಿದ್ದಾರೆ. ಹಸಿರೆಂದರೆ ಬಾಳೆ ಎಲೆಯ ಹಸಿರಲ್ಲ. ಬೆಣ್ಣೆಹಣ್ಣಿನ ತಿರುಳು ಸಿಪ್ಪೆಗೆ ಅಂಟಿಕೊಂಡಿರುವ ಕಡೆ ಕಾಣುವ, ಹಳದಿಗೆ ಹತ್ತಿರವಾದ ಹಸಿರು. ನೀವು ಕಂಡ ಎರಡು ಬಣ್ಣಗಳಲ್ಲಿ ಒಂದೂ ಸುಳ್ಳಲ್ಲ. ಒಂದನ್ನು ಕಣ್ಣು ನೋಡಿತು, ಇನ್ನೊಂದನ್ನು ಫಿಲ್ಮ್ ನೋಡಿತು. ಬಟ್ಟೆ ಕೊಳ್ಳುವ ಮೊದಲು ತೀರ್ಮಾನಿಸಬೇಕಾದ್ದು ಇಷ್ಟೇ: ನಿಮ್ಮ ಅಂಗಿಯನ್ನು ಎದುರು ನಿಂತವರು ನೋಡುತ್ತಾರೋ, ಕ್ಯಾಮೆರಾ ನೋಡುತ್ತದೋ?

ನೀವು ಕೇಳಿದ ಎರಡು ಕಾರಣಗಳನ್ನು ಪರೀಕ್ಷಿಸೋಣ. ಮಾಸಿತು ಎನ್ನುವ ವಾದ ನಿಲ್ಲುವುದಿಲ್ಲ, ಏಕೆಂದರೆ ಹಸಿರಾಗಿತ್ತು ಎಂದವರು ಆ ಬಟ್ಟೆಯನ್ನು ಹೊಸದಿದ್ದಾಗಲೇ ಕೈಯಲ್ಲಿ ಹಿಡಿದಿದ್ದ ವಿನ್ಯಾಸಕರು. ಯಾವುದೇ ಹಳೆಯ ಉಡುಪು ಮಾಸಿದೆಯೋ ಇಲ್ಲವೋ ಎಂದು ನೋಡಲು ಸಂಗ್ರಾಹಕರು ಹೊಲಿಗೆಯ ಒಳಮಡಿಕೆ ಬಿಚ್ಚಿ ನೋಡುತ್ತಾರೆ. ಅಲ್ಲಿಗೆ ಬೆಳಕು ತಾಗಿರುವುದಿಲ್ಲ. ಹೊರಗಿನ ಬಣ್ಣಕ್ಕೂ ಒಳಮಡಿಕೆಯ ಬಣ್ಣಕ್ಕೂ ಇರುವ ಅಂತರವೇ ಮಾಸಿದ ಪ್ರಮಾಣ. ಮೂಲ ಅಂಗಿ ಎಂದು ಹೇಳಿಕೊಳ್ಳುವ ಯಾವುದನ್ನಾದರೂ ಮುಂದೆ ನೀವು ನೋಡಿದರೆ ಇದನ್ನು ನೆನಪಿಡಿ.

ಟಿವಿ ಸರಿ ಇರಲಿಲ್ಲ ಎನ್ನುವ ವಾದದಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಎನ್‌ಟಿಎಸ್‌ಸಿ ಟಿವಿ ಪ್ರಸಾರ ಪದ್ಧತಿಯಲ್ಲಿ ಬಣ್ಣದ ಮಾಹಿತಿ 3.58 ಮೆಗಾಹರ್ಟ್ಸ್‌ನ ಉಪವಾಹಕ ಅಲೆಯ ಮೇಲೆ ಸಾಗುತ್ತಿತ್ತು. ಅಲೆಯ ಹಂತ ಸ್ವಲ್ಪ ಜಾರಿದರೂ ಇಡೀ ಚಿತ್ರದ ವರ್ಣ ಬದಲಾಗುತ್ತಿತ್ತು. ಅದನ್ನು ಸರಿಪಡಿಸಲೆಂದೇ ಪ್ರತಿ ಕಲರ್ ಟಿವಿಯಲ್ಲೂ ‘ಟಿಂಟ್’ ಎಂಬ ತಿರುಗುಗುಂಡಿ ಇರುತ್ತಿತ್ತು, ಮುಖದ ಬಣ್ಣ ಸರಿ ಬರುವವರೆಗೆ ಜನ ಅದನ್ನು ತಿರುಗಿಸುತ್ತಿದ್ದರು. ಮರುಪ್ರಸಾರಕ್ಕೆ ಹಂಚಿದ 16 ಎಂಎಂ ಪ್ರಿಂಟುಗಳದ್ದು ಬೇರೆಯೇ ಕಥೆ. ಆ ಕಾಲದ ಈಸ್ಟ್‌ಮನ್ ಪ್ರಿಂಟುಗಳಲ್ಲಿ ಡಬ್ಬಿಯೊಳಗೆ ಕತ್ತಲಲ್ಲಿಟ್ಟರೂ ಸಯಾನ್ (ನೀಲಿ-ಹಸಿರು) ಬಣ್ಣ ಮೊದಲು ಕಳೆಗುಂದುತ್ತದೆ, ಚಿತ್ರ ಕೆಂಪಗಾಗುತ್ತ ಹೋಗುತ್ತದೆ. ಅಂಥ ಪ್ರಿಂಟಿನಲ್ಲಿ ನೋಡಿದವರಿಗೆ ಅಂಗಿ ಇನ್ನಷ್ಟು ಕಿತ್ತಳೆಯಾಗಿ ಕಂಡಿರಬೇಕು. ಆದರೆ ನೀವು ನೋಡಿದ ಬ್ಲೂ-ರೇ, 2006ರಲ್ಲಿ ಶುರುವಾದ ಮರುಸಂಸ್ಕರಣೆಯದ್ದು, ಅದನ್ನು ಮೂಲ ಕ್ಯಾಮೆರಾ ನೆಗೆಟಿವ್‌ನಿಂದಲೇ ಮಾಡಲಾಗಿದೆ. ಅಲ್ಲಿ ಉಪವಾಹಕವೂ ಇಲ್ಲ, ತಿರುಗುಗುಂಡಿಯೂ ಇಲ್ಲ, ಕಳೆಗುಂದಿದ ಪ್ರಿಂಟೂ ಇಲ್ಲ. ಆದರೂ ಅಂಗಿ ಹೊನ್ನೇ. ಹಾಗಾದರೆ ಬದಲಾವಣೆ ಟಿವಿಗಿಂತ ಮೊದಲೇ ಆಗಿದೆ.

ಅದಕ್ಕೆ ಬಲವಾದ ಸಾಕ್ಷಿ ನಿಮ್ಮ ಪ್ರಶ್ನೆಯಲ್ಲೇ ಇದೆ. ಅಡ್ಡಸುತ್ತಿನ ಅಂಗಿ, ಸಮಾರಂಭದ ಉಡುಪು, ಇವೆರಡೂ ಪರದೆಯ ಮೇಲೆ ಹಸಿರಾಗಿಯೇ ಉಳಿದವು. ಸೆಟ್ಟು ಅದೇ, ಫಿಲ್ಮು ಅದೇ, ತೊಳೆದ ಲ್ಯಾಬೂ ಅದೇ. ಬೇರೆಯಾಗಿದ್ದದ್ದು ಬಟ್ಟೆ. ದಿನನಿತ್ಯದ ಅಂಗಿ ಮೊದಲ ಎರಡು ಸೀಸನ್‌ಗಳಲ್ಲಿ ವೆಲೂರ್‌ನದು, ಅಂದರೆ ನಿಟ್ ಬಟ್ಟೆಯ ಮೇಲೆ ಮಖಮಲ್ಲಿನಂತೆ ಎಳೆ ಎದ್ದು ನಿಂತಿರುವಂಥದ್ದು. ಉಳಿದೆರಡು ಬೇರೆ ಬಟ್ಟೆಯವು. ಇಡೀ ಚೌಕಟ್ಟಿನ ಬಣ್ಣ ಬದಲಿಸುವ ಯಾವ ಕಾರಣವೂ ಒಂದು ಹಸಿರನ್ನು ತಿರುಗಿಸಿ ಇನ್ನೊಂದನ್ನು ಹಾಗೇ ಬಿಡಲಾರದು. ಆದ್ದರಿಂದ ಮುಖ್ಯ ಕಾರಣವನ್ನು ಆ ಬಟ್ಟೆಯಲ್ಲಿ, ಅದಕ್ಕೆ ಹಾಕಿದ ಬಣ್ಣದಲ್ಲಿ ಹುಡುಕಬೇಕು.

ಫಿಲ್ಮಿಗೆ ಕಾಣುವ ಕೆಂಪು

ನಮ್ಮ ಕಣ್ಣಿಗೆ ಅತಿ ಚೆನ್ನಾಗಿ ಕಾಣುವುದು 555 ನ್ಯಾನೊಮೀಟರ್ ಸುತ್ತಲಿನ ಹಳದಿ-ಹಸಿರು ಬೆಳಕು. ಕೆಂಪಿನ ಕಡೆ ಹೋದಂತೆ ಕಣ್ಣು ಬೇಗ ಸೋಲುತ್ತದೆ. 650 ನ್ಯಾನೊಮೀಟರ್‌ಗೆ ಬಂದಾಗ ಗ್ರಹಣಶಕ್ತಿ ನೂರಕ್ಕೆ ಹನ್ನೊಂದರಷ್ಟು, 700ಕ್ಕೆ ಬಂದಾಗ ನೂರಕ್ಕೆ ಅರ್ಧವೂ ಇಲ್ಲ. ಕಲರ್ ನೆಗೆಟಿವ್‌ನ ಕೆಂಪು ಪದರ ಹಾಗಲ್ಲ. ಅದು ಅತಿ ಚುರುಕಾಗಿರುವುದೇ ಸುಮಾರು 650ರ ಬಳಿ, ಅಲ್ಲಿಂದಾಚೆಗೂ ಸ್ವಲ್ಪ ದೂರ ಕೆಲಸ ಮಾಡುತ್ತದೆ. ಕಣ್ಣಿಗೆ ಕತ್ತಲಾದ ಪ್ರದೇಶ ಫಿಲ್ಮಿಗೆ ಹಗಲು.

ಎಷ್ಟೋ ಹಸಿರು ಬಣ್ಣಗಳು 600ರಿಂದ 650ರವರೆಗೆ ಬೆಳಕನ್ನು ಹೀರಿಕೊಂಡು, 660-680 ದಾಟಿದ ಕೂಡಲೇ ಒಮ್ಮೆಲೇ ಪ್ರತಿಫಲಿಸಲು ತೊಡಗುತ್ತವೆ. ಸಿಂಥೆಟಿಕ್ ಬಟ್ಟೆಗಳ ಬಣ್ಣಗಳಲ್ಲಿ ಈ ಗುಣ ಹೆಚ್ಚು. ಕಣ್ಣು ಆ ಕಡುಗೆಂಪನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ‘ಹಸಿರು’ ಎನ್ನುತ್ತದೆ. ಫಿಲ್ಮ್ ಅದನ್ನೂ ಕೂಡಿಸಿಕೊಳ್ಳುತ್ತದೆ, ಹಸಿರಿಗೆ ಕೆಂಪು ಸೇರಿದರೆ ಹಳದಿ. ಇಂಥ ಬಟ್ಟೆಗಳ ಬಗ್ಗೆ ಕೊಡಾಕ್ ಕಂಪನಿಯೇ ಛಾಯಾಗ್ರಾಹಕರನ್ನು ಎಚ್ಚರಿಸುತ್ತಿತ್ತು. ಬೆಳಗ್ಗೆ ಅರಳುವ ನೀಲಿ ಮಾರ್ನಿಂಗ್ ಗ್ಲೋರಿ ಹೂವು ಫಿಲ್ಮಿನಲ್ಲಿ ಗುಲಾಬಿಯಾಗಿ ಬರುವುದಕ್ಕೂ ಇದೇ ಕಾರಣ.

ಲೆಕ್ಕದಲ್ಲಿ ನೋಡಿದರೆ ಇದು ಎಷ್ಟು ಸಣ್ಣ ಪಲ್ಲಟ ಎನ್ನುವುದು ತಿಳಿಯುತ್ತದೆ. ಉದಾಹರಣೆಗೆ, ಒಂದು ಬಟ್ಟೆ ನೀಲಿ ಬೆಳಕಿನ ನೂರರಲ್ಲಿ 10 ಪಾಲು, ಹಸಿರಿನ 35 ಪಾಲು, ಕೆಂಪಿನ 25 ಪಾಲನ್ನು ಹಿಂದಿರುಗಿಸುತ್ತದೆ ಎಂದುಕೊಳ್ಳಿ. ಕಣ್ಣಿಗೆ ಅದು ಹಳದಿ ಮಿಶ್ರಿತ ಹಸಿರು. ಫಿಲ್ಮಿಗೆ ಕೆಂಪು 1.4 ಪಟ್ಟು ಹೆಚ್ಚು ಸಿಕ್ಕಿತೆಂದರೆ 25 ಹೋಗಿ 35 ಆಗುತ್ತದೆ. ಕೆಂಪು ಹಸಿರು ಸಮಸಮ, ನೀಲಿ ಕಡಿಮೆ. ಅದು ಅಪ್ಪಟ ಸಾಸಿವೆ ಹಳದಿ. ಹಡಗಿನ ವಿಜ್ಞಾನಾಧಿಕಾರಿ ಸ್ಪಾಕ್ ತೊಡುತ್ತಿದ್ದ ನೀಲಿ ಅಂಗಿಗೂ ಎಂಜಿನಿಯರ್ ಸ್ಕಾಟಿಯ ಕೆಂಪು ಅಂಗಿಗೂ ಇಷ್ಟೇ ಪಲ್ಲಟವಾದರೆ ನೀಲಿ ನೀಲಿಯಾಗಿಯೇ, ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಹಸಿರು ಮುಗಿದು ಹಳದಿ ಶುರುವಾಗುವ ಗಡಿ ಮಾತ್ರ ಬಹಳ ತೆಳು. ಥೈಸ್ ಆರಿಸಿದ ಬಟ್ಟೆ ಆ ಗಡಿಯ ಮೇಲೆಯೇ ಕೂತಿತ್ತು.

ಇದರ ಮೇಲೆ ಬೆಳಕಿನ ಪಾತ್ರವೂ ಇದೆ. 1960ರ ದಶಕದ ಮಧ್ಯದಲ್ಲಿ ಹಾಲಿವುಡ್‌ನಲ್ಲಿ ಬಳಕೆಯಲ್ಲಿದ್ದ ಈಸ್ಟ್‌ಮನ್ 5251 ನೆಗೆಟಿವ್‌ನ ವೇಗ, ಅಂದರೆ ಬೆಳಕನ್ನು ಗ್ರಹಿಸುವ ಶಕ್ತಿ, ಕೇವಲ 50 ಎಎಸ್ಎ. ಲೆನ್ಸ್‌ನ ಕಿಂಡಿಯನ್ನು ಎಫ್ 2.8ಕ್ಕೆ ತೆರೆದು ಚಿತ್ರೀಕರಿಸಲು ಸುಮಾರು 200 ಫುಟ್‌ಕ್ಯಾಂಡಲ್, ಅಂದರೆ 2,000 ಲಕ್ಸ್‌ಗೂ ಮೀರಿದ ಬೆಳಕು ಬೇಕು. ಅದು 3200 ಕೆಲ್ವಿನ್‌ನ ಟಂಗ್‌ಸ್ಟನ್ ಬೆಳಕು. ಅದರಲ್ಲಿ ನೀಲಿಗಿಂತ ಕೆಂಪು ಬಹಳ ಜಾಸ್ತಿ, ಕಡುಗೆಂಪಿನ ಕಡೆಗಂತೂ ಏರುತ್ತಲೇ ಹೋಗುತ್ತದೆ. ಮೇಲೆ ಹೇಳಿದ ಬಗೆಯ ಬಟ್ಟೆಗೆ ಇದಕ್ಕಿಂತ ಅನುಕೂಲದ ಬೆಳಕು ಬೇರೆ ಇಲ್ಲ. ವೆಲೂರ್‌ನ ಎದ್ದ ಎಳೆಗಳೂ ಸೇರಿಕೊಳ್ಳುತ್ತವೆ. ನೇರಕ್ಕೆ ನೋಡಿದಾಗ ಬೆಳಕು ಎಳೆಗಳ ಸಂದಿಗೆ ಇಳಿದು ಬಣ್ಣ ಗಾಢವಾಗುತ್ತದೆ, ಭುಜ ತೋಳುಗಳ ಅಂಚಿನಲ್ಲಿ ಎಳೆಗಳ ತುದಿ ದೀಪದ ಬಣ್ಣವನ್ನೇ ಹೊಳೆಯುತ್ತದೆ. ಛಾಯಾಗ್ರಾಹಕ ಜೆರ್ರಿ ಫಿನ್ನರ್‌ಮನ್ ಬೂದು ಗೋಡೆಗಳ ಮೇಲೆ ನೇರಳೆ, ಹಸಿರು ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಿದ ದೀಪ ಬಿಟ್ಟು ಸೆಟ್ಟಿಗೆ ಬಣ್ಣ ತುಂಬುತ್ತಿದ್ದರು. ಪಕ್ಕದಲ್ಲಿ ನೇರಳೆ ಗೋಡೆ ಇದ್ದರೆ ಹಳದಿ ನಮ್ಮ ಕಣ್ಣಿಗೆ ಇನ್ನಷ್ಟು ಹಳದಿ.

ಕೊನೆಯ ಕೈ ಲ್ಯಾಬಿನದು. ಪ್ರಿಂಟ್ ತೆಗೆಯುವಾಗ ಕೆಂಪು, ಹಸಿರು, ನೀಲಿ ಬೆಳಕನ್ನು ಒಂದೊಂದಾಗಿ ಏರಿಸಿ ಇಳಿಸುವ ‘ಪಾಯಿಂಟ್’ಗಳಿರುತ್ತವೆ. ಒಂದು ಪಾಯಿಂಟ್ ಅಂದರೆ ಲಾಗ್ ಪ್ರಮಾಣದಲ್ಲಿ 0.025, ಹನ್ನೆರಡು ಪಾಯಿಂಟ್ ಸೇರಿದರೆ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು. ನಮ್ಮ ಉದಾಹರಣೆಯ 1.4 ಪಟ್ಟು ಅಂದರೆ ಆರೇ ಪಾಯಿಂಟ್. ಲ್ಯಾಬಿನವನಿಗೆ ಸೆಟ್ಟಿನಲ್ಲಿದ್ದ ಅಂಗಿ ಯಾವ ಬಣ್ಣದ್ದೆಂದು ಗೊತ್ತಿರುವುದಿಲ್ಲ, ಅವನಿಗೆ ದಾರಿ ತೋರಿಸುವುದು ಮುಖ. ಮುಖ ಬೆಚ್ಚಗೆ, ಆರೋಗ್ಯವಾಗಿ ಕಾಣುವಂತೆ ಮಾಡಿದರೆ ಅಂಗಿಯೂ ಅದರೊಟ್ಟಿಗೆ ಹೊನ್ನಿನ ಕಡೆ ಇನ್ನೊಂದು ಹೆಜ್ಜೆ ಇಡುತ್ತದೆ. ಈ ಅಭ್ಯಾಸ ಎಷ್ಟು ಗಟ್ಟಿ ಎನ್ನುವುದಕ್ಕೆ ಇದೇ ಧಾರಾವಾಹಿಯ ಹಸಿರು ಮೈಯ ಒರಾಯನ್ ನರ್ತಕಿಯ ಪ್ರಸಂಗ ಪ್ರಸಿದ್ಧ. 1964ರಲ್ಲಿ ಮೊದಲ ಪೈಲಟ್‌ಗಾಗಿ (ಮಾದರಿ ಕಂತಿಗಾಗಿ) ಹಸಿರು ಮೇಕಪ್ಪಿನ ಪರೀಕ್ಷಾ ಚಿತ್ರೀಕರಣ ಮಾಡಿ ಕಳಿಸಿದರೆ, ಲ್ಯಾಬಿನವರು ಏನೋ ತಪ್ಪಾಗಿದೆ ಎಂದು ಮುಖವನ್ನು ಮಾಮೂಲಿ ಮೈಬಣ್ಣಕ್ಕೆ ತಿದ್ದಿ ಕಳಿಸಿದರು. ಇವರು ಇನ್ನೂ ದಟ್ಟ ಹಸಿರು ಬಳಿದರು, ಅವರು ಇನ್ನೂ ಹೆಚ್ಚು ತಿದ್ದಿದರು. ಯಾರೂ ಅಜಾಗರೂಕರಾಗಿರಲಿಲ್ಲ, ಇಬ್ಬರೂ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದರು. ಹೇಳಿ ಕಳಿಸಬೇಕಾದ ಒಂದು ಮಾತು ಮಾತ್ರ ಹೋಗಿರಲಿಲ್ಲ.

ಕ್ಯಾಮೆರಾಗೆಂದೇ ಬಣ್ಣ ಬದಲಿಸುವುದು ಆ ಕಾಲಕ್ಕೆ ಹೊಸದೇನಲ್ಲ. 1950ರ ದಶಕದ ಆರಂಭದ ‘ಅಡ್ವೆಂಚರ್ಸ್ ಆಫ್ ಸೂಪರ್‌ಮ್ಯಾನ್’ ಕಪ್ಪು-ಬಿಳುಪಿನಲ್ಲಿದ್ದಾಗ ನಾಯಕನ ಉಡುಪು ಕಂದು ಮತ್ತು ಬೂದು ಬಣ್ಣದ್ದು. ನಿಜವಾದ ಕೆಂಪು ನೀಲಿ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ ಬೂದಾಗಿ ಮೇಲಂಗಿ ಮೈಗೇ ಅಂಟಿದಂತೆ ಕಾಣುತ್ತಿತ್ತು. ಬಿಬಿಸಿಯ ‘ಡಾಕ್ಟರ್ ಹೂ’ 1963ರಲ್ಲಿ ಶುರುವಾದಾಗ ನಾಯಕನ ಕಾಲಯಾನ ನೌಕೆ ಟಾರ್ಡಿಸ್‌ನ ನಿಯಂತ್ರಣ ಮೇಜಿಗೆ ಬಳಿದದ್ದು ತಿಳಿಹಸಿರು. ಬಿಳಿ ಬಳಿದಿದ್ದರೆ ಆಗಿನ ಕ್ಯಾಮೆರಾಗಳಲ್ಲಿ ಕಣ್ಣು ಕುಕ್ಕುತ್ತಿತ್ತು, ತಿಳಿಹಸಿರು ಹಿತವಾದ ಬಿಳಿಯಾಗಿ ಬಂತು. ಅಲ್ಲಿ ಪಲ್ಲಟ ಮೊದಲೇ ಲೆಕ್ಕ ಹಾಕಿದ್ದು, ಕರ್ಕ್ ಅಂಗಿಯದ್ದು ತಾನಾಗಿ ಆದದ್ದು. ಆದರೆ ಪ್ರೇಕ್ಷಕರು ಕಂಡದ್ದೇ ಕೊನೆಗೆ ಗೆದ್ದಿತು. 1973ರ ಕಾರ್ಟೂನ್ ಸರಣಿಯಲ್ಲೂ 2009ರ ಸಿನಿಮಾದಲ್ಲೂ ಕ್ಯಾಪ್ಟನ್ ಅಂಗಿ ಹಳದಿಯೇ.

ಯಾವ ಬಟ್ಟೆ?

ಎದುರು ನಿಂತು ನೋಡುವವರಿಗಾಗಿ, ಸಂಗ್ರಹಕ್ಕಾಗಿ ಹೊಲಿಸುವುದಾದರೆ ಹಳದಿ-ಹಸಿರು ವೆಲೂರ್ ಕೊಳ್ಳಿ. ಮೂಲ ಬಟ್ಟೆಗೆ ನಿಷ್ಠವಾದದ್ದು ಅದೇ, ನನಗೆ ಹೆಚ್ಚು ಇಷ್ಟವಾದದ್ದೂ ಅದೇ. ಅಪಾಯವೂ ಇದೆ: ವಿಷಯ ಗೊತ್ತಿಲ್ಲದವರು ‘ಬಣ್ಣ ತಪ್ಪಿದೆ’ ಎನ್ನುತ್ತಾರೆ, ಫೋಟೊಗಳಲ್ಲಿ ಅದು ಹಸಿರಾಗಿಯೇ ಉಳಿಯುತ್ತದೆ. ಅಂಗಿಯ ಮುಖ್ಯ ಕೆಲಸ ಫೋಟೊ, ವಿಡಿಯೊ ಆಗಿದ್ದರೆ ಪರದೆಯ ಬಣ್ಣವನ್ನೇ ಹೊಲಿಸಿ. ಆದರೆ ಜರತಾರಿ ಚಿನ್ನದ ಕಡೆ ಹೋಗಬೇಡಿ, ಕೇಸರಿ ಛಾಯೆಯ ಹಳದಿಯೂ ಬೇಡ. ಸಾಸಿವೆಗೆ ಒಂದು ಹನಿ ಹಸಿರು ಬೆರೆತಂತಿರುವ ಮಂದ ಹಳದಿ ಹುಡುಕಿ. ನಿಮ್ಮ ಹಳದಿ ತುಂಡು ಕಿತ್ತಳೆಯಾಗಿ ಬಂದದ್ದಕ್ಕೆ ಬಹುಶಃ ಕಾರಣ ಈ ಹನಿ ಹಸಿರು ಇಲ್ಲದಿದ್ದದ್ದು ಮತ್ತು ಬೆಚ್ಚಗಿನ ಮನೆ ದೀಪ.

‘ಕಣ್ಣಿಗೆ ಹಸಿರು, ಮೊಬೈಲ್‌ಗೆ ಹೊನ್ನು’ ಆಗುವ ಬಟ್ಟೆ ಸಿಗುತ್ತದೆಯೇ ಎಂದು ಹಲವರು ಹುಡುಕುತ್ತಾರೆ. ಅದಕ್ಕೆ ಸಮಯ ಹಾಕಬೇಡಿ. ಮೊಬೈಲ್ ಕ್ಯಾಮೆರಾದ ಸೆನ್ಸರ್ ಮುಂದೆ ಅವಕೆಂಪು ತಡೆಯುವ ಫಿಲ್ಟರ್ ಇರುತ್ತದೆ, ಅದು ಕಡುಗೆಂಪನ್ನೂ ಬಹುಪಾಲು ಕತ್ತರಿಸುತ್ತದೆ. ಹಳೆಯ ಫಿಲ್ಮ್ ಕಂಡದ್ದನ್ನು ನಿಮ್ಮ ಮೊಬೈಲ್ ಕಾಣುವುದೇ ಇಲ್ಲ. ಬಟ್ಟೆಗೆ ಈ ಗುಣ ಇದೆಯೇ ಎಂದು ತಿಳಿಯುವ ಕುತೂಹಲವಿದ್ದರೆ ಗಾಢ ಕೆಂಪು ಜೆಲ್ ಹಾಳೆಯನ್ನು ಎರಡು ಮೂರು ಮಡಿಕೆ ಮಾಡಿ, ಹಳೆಯ ಬುರುಡೆ ಬಲ್ಬಿನ ಕೆಳಗೆ ಅದರ ಮೂಲಕ ನೋಡಿ. ಬೇರೆ ಹಸಿರು ಬಟ್ಟೆಗಳೆಲ್ಲ ಕಪ್ಪಾಗಿ ಇದೊಂದು ಬೆಳ್ಳಗೆ ಹೊಳೆದರೆ ಅದು ಕಡುಗೆಂಪು ಹಿಂದಿರುಗಿಸುವ ಬಟ್ಟೆ. ಅಂಥದ್ದನ್ನು ನೆಗೆಟಿವ್ ಫಿಲ್ಮಿನಲ್ಲಿ ತೆಗೆದರೆ ಪಲ್ಲಟ ಕಾಣುವ ಸಂಭವವಿದೆ.

ಮೊಬೈಲ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಈ ಬಾರಿ ಬೇರೆ ಕ್ರಮದಲ್ಲಿ. ಹತ್ತು ಸೆಂಟಿಮೀಟರ್ ಚೌಕದ ತುಂಡುಗಳನ್ನು ಕತ್ತರಿಸಿ, ಬೂದು ಕಾರ್ಡಿನ ಪಕ್ಕ ಇಟ್ಟು, ಚೌಕಟ್ಟಿನೊಳಗೆ ನಿಮ್ಮ ಕೈಯೂ ಬರುವಂತೆ ಮಾಡಿ. ವೈಟ್ ಬ್ಯಾಲೆನ್ಸ್ ಅನ್ನು ಬೂದು ಕಾರ್ಡಿಗೆ ಹೊಂದಿಸಿ ಬೀಗ ಹಾಕಿ. ಆಟೊದಲ್ಲಿ ಬಿಟ್ಟರೆ ಚೌಕಟ್ಟಿನ ತುಂಬ ಇರುವ ಹಳದಿಯನ್ನು ಕ್ಯಾಮೆರಾ ದೀಪದ ಬಣ್ಣವೆಂದೇ ತಿಳಿದು ನೀಲಿಯ ಕಡೆ ಎಳೆಯುತ್ತದೆ. ಬುರುಡೆ ಬಲ್ಬು, ಎಲ್ಇಡಿ ಟ್ಯೂಬ್, ಬಿಸಿಲಿಲ್ಲದ ಹೊರಗಿನ ನೆರಳು, ಈ ಮೂರರಲ್ಲೂ ತೆಗೆಯಿರಿ. ಅಗ್ಗದ ಎಲ್ಇಡಿಯಲ್ಲಿ ಗಾಢ ಕೆಂಪು ತೀರ ಕಡಿಮೆ, ಅದರ ಕೆಳಗೆ ಸಾಸಿವೆ ಹಳದಿಯೂ ಹಸಿರಿನ ಕಡೆ ವಾಲುತ್ತದೆ. ದೀಪ ಕೊಳ್ಳುವುದಾದರೆ ಸಿಆರ್‌ಐ (ಬಣ್ಣಗಳನ್ನು ಸರಿಯಾಗಿ ತೋರಿಸುವ ಅಂಕ) 90ಕ್ಕಿಂತ ಮೇಲೆ, ಗಾಢ ಕೆಂಪಿಗೆ ಸಂಬಂಧಿಸಿದ ಆರ್9 ಅಂಕ 50ಕ್ಕಿಂತ ಮೇಲೆ ಇರುವುದನ್ನು ಕೇಳಿ ತನ್ನಿ. ಮೂರು ಬೆಳಕಿನಲ್ಲೂ ಕೈಯ ಬಣ್ಣ ಸರಿಯಾಗಿದ್ದು ಬಟ್ಟೆಯೂ ಒಪ್ಪುವಂತಿದ್ದರೆ ಅದನ್ನೇ ಕೊಳ್ಳಿ.

ಬೇಕಾದ ಛಾಯೆ ಸಿಗದಿದ್ದರೆ ಬಿಳಿ ಹತ್ತಿ ವೆಲೂರ್ ತಂದು ಬಣ್ಣ ಹಾಕಿಸಬಹುದು. ರಿಯಾಕ್ಟಿವ್ ಬಣ್ಣವನ್ನು ಬಟ್ಟೆಯ ತೂಕದ ನೂರಕ್ಕೆ 2ರಷ್ಟು ತೆಗೆದುಕೊಂಡು, ಲೀಟರ್ ನೀರಿಗೆ ಸುಮಾರು 50 ಗ್ರಾಂ ಉಪ್ಪು, 20 ಗ್ರಾಂ ಸೋಡಾ ಆಶ್ ಹಾಕುವುದು ಸಾಮಾನ್ಯ ಅಳತೆ. ಹಳದಿ ಹತ್ತು ಪಾಲಿಗೆ ನೀಲಿ ಅರ್ಧ ಪಾಲಿನಿಂದ ಶುರು ಮಾಡಿ, ತುಂಡಿನ ಮೇಲೆ ಪರೀಕ್ಷಿಸುತ್ತ ನೀಲಿಯನ್ನು ಗುಲಗಂಜಿಯಷ್ಟೇ ಏರಿಸಿ. ನೀಲಿ ಒಮ್ಮೆ ಹೆಚ್ಚಾದರೆ ಹಿಂದಕ್ಕೆ ಬರಲಾಗುವುದಿಲ್ಲ. ಒದ್ದೆ ಬಟ್ಟೆ ಒಣಗಿದ ಮೇಲಿನದಕ್ಕಿಂತ ಗಾಢವಾಗಿ ಕಾಣುತ್ತದೆ, ಆದ್ದರಿಂದ ಪೂರ್ತಿ ಒಣಗಿಸಿಯೇ ಹೋಲಿಸಿ. ಪಾಲಿಯೆಸ್ಟರ್ ವೆಲೂರ್‌ಗೆ ಈ ಬಣ್ಣ ಹಿಡಿಯುವುದಿಲ್ಲ.

60 ಇಂಚು ಅಗಲದ್ದಾದರೆ ವಯಸ್ಕರ ಅಂಗಿಗೆ 2 ಮೀಟರ್, 44 ಇಂಚಿನದ್ದಾದರೆ ಎರಡೂವರೆಯಿಂದ 3 ಮೀಟರ್ ಬೇಕಾದೀತು. ಕತ್ತರಿಸುವ ಮೊದಲು ಒಮ್ಮೆ ಒಗೆದು ಒಣಗಿಸಿ. ಮೂಲ ವೆಲೂರ್ ಅಂಗಿಗಳು ಶುಚಿಗೊಳಿಸಿದಾಗಲೆಲ್ಲ ಕುಗ್ಗುತ್ತಿದ್ದವು, ಮೂರನೇ ಸೀಸನ್‌ಗೆ ಅದನ್ನು ಕೈಬಿಟ್ಟು ಸಿಂಥೆಟಿಕ್ ಡಬಲ್ ನಿಟ್‌ಗೆ ಹೋದದ್ದಕ್ಕೆ ಅದೇ ಕಾರಣ. ದರ್ಜಿಗೆ ಒಂದು ಮಾತನ್ನು ಬರೆದೇ ಕೊಡಿ: ಎಲ್ಲ ಭಾಗಗಳನ್ನೂ ಎಳೆ ಒಂದೇ ದಿಕ್ಕಿಗೆ ಮಲಗುವಂತೆ ಕತ್ತರಿಸಬೇಕು. ಬಟ್ಟೆ ಉಳಿಸಲು ತೋಳನ್ನು ತಲೆಕೆಳಗಾಗಿ ಇಟ್ಟು ಕತ್ತರಿಸಿದರೆ ಒಂದೇ ಥಾನಿನ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ, ಕ್ಯಾಮೆರಾದಲ್ಲಂತೂ ಒಂದು ತೋಳು ಹಸಿರು ಇನ್ನೊಂದು ಹಳದಿ ಅನ್ನಿಸಿಬಿಡುತ್ತದೆ. ಇಸ್ತ್ರಿಯನ್ನು ಮೇಲೆ ಒತ್ತಬೇಡಿ, ಒಳಬದಿಯಿಂದ ಹಬೆ ಮಾತ್ರ ಕೊಡಿ. ಒತ್ತಿ ಮಲಗಿದ ಎಳೆ ಮತ್ತೆ ಸರಿಯಾಗಿ ಏಳುವುದಿಲ್ಲ, ಆ ಜಾಗ ಬೇರೆ ಬಣ್ಣದ ತೇಪೆಯಂತೆ ಉಳಿದುಬಿಡುತ್ತದೆ.

ವಿಡಿಯೊಗೆ ಹಿನ್ನೆಲೆಯಲ್ಲಿ ಅಂತರಿಕ್ಷವನ್ನೋ ಹಡಗಿನ ನಿಯಂತ್ರಣ ಕೊಠಡಿಯನ್ನೋ ಕೂರಿಸುವ ಯೋಚನೆ ಇದ್ದರೆ ಹಸಿರು ಪರದೆ ಬಳಸಬೇಡಿ, ನೀಲಿ ಪರದೆ ತನ್ನಿ. ಹಳದಿ-ಹಸಿರು ಅಂಗಿಯನ್ನು ಹಸಿರು ಪರದೆಯ ಮುಂದೆ ನಿಲ್ಲಿಸಿದರೆ ಸಾಫ್ಟ್‌ವೇರ್ ಪರದೆಯ ಜೊತೆಗೆ ನಿಮ್ಮ ಭುಜವನ್ನೂ ಅಳಿಸಿಹಾಕುತ್ತದೆ. ಸಾಸಿವೆ ಹಳದಿ ಅಂಗಿಯಾದರೂ ಪರದೆಯ ಹಸಿರು ಪ್ರತಿಫಲಿಸಿ ಅಂಚುಗಳು ಕೆಡುತ್ತವೆ. ನೀಲಿ ಪರದೆಯಿಂದ ಕನಿಷ್ಠ ಆರೇಳು ಅಡಿ ಮುಂದೆ ನಿಂತರೆ ಎರಡೂ ಬಣ್ಣದ ಅಂಗಿಗಳು ಅಚ್ಚುಕಟ್ಟಾಗಿ ಬೇರ್ಪಡುತ್ತವೆ.